ಒಂಬತ್ತು ಮನೆ ತುಂಬಿಸುವ ಲೆಕ್ಕ: ರಿಸೀವರ್‌ಗಳನ್ನು ಆರಿಸುವುದು ಹೇಗೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಸೆದ ಚೆಂಡನ್ನು ಓಡಿ ಹಿಡಿಯುವವನು ರಿಸೀವರ್. ಅಂಥವರನ್ನು ಆರಿಸಲು ಒಂದು ಬಿಳಿ ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಪೆನ್ನು ಬೇಡ, ಅಳಿಸುವ ಕೆಲಸ ಬಹಳ ಇದೆ. ಹಾಳೆಯ ಕೆಳತುದಿಯಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಚೆಂಡಿಟ್ಟು ಆಟ ಶುರುಮಾಡುವ ಗೆರೆ ಅದು. ಅದರ ಮೇಲೆ ಮೂರು ಸಾಲು: ಹತ್ತು ಗಜದೊಳಗಿನದು, ಹತ್ತರಿಂದ ಇಪ್ಪತ್ತರವರೆಗಿನದು, ಇಪ್ಪತ್ತರಾಚೆಯದು. ಪ್ರತಿ ಸಾಲನ್ನೂ ಎಡ, ನಡು, ಬಲ ಎಂದು ಮೂರು ಪಾಲು ಮಾಡಿ. ಒಂಬತ್ತು ಮನೆ ಆಯಿತು, ಚೌಕಾಬಾರದ ಮನೆಗಳಂಥವು. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ 160 ಅಡಿ, ಅಂದರೆ ಐವತ್ಮೂರು ಗಜದ ಮೇಲೆ ಒಂದಡಿ. ಅಷ್ಟು ಅಗಲವನ್ನು ಎದುರು ತಂಡದ ಹನ್ನೊಂದು ಜನ ಕಾಯಬೇಕು. ಅವರಿಂದ ಒಂಬತ್ತೂ ಮನೆ ಕಾಯಿಸುವವರು ನಿಮ್ಮ ತಂಡದಲ್ಲಿದ್ದಾರೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ನಾನು ಹಾಸನದವನು. ಅಮೆರಿಕದ ಮಿನಿಸೋಟಾ ರಾಜ್ಯದ ಈಗನ್ ಊರಿಗೆ ಬಂದು ಎಷ್ಟೋ ವರ್ಷವಾಯಿತು. ಮಿನಿಸೋಟಾ ವೈಕಿಂಗ್ಸ್ ತಂಡ ಅಭ್ಯಾಸ ಮಾಡುವುದು ನಮ್ಮ ಊರಲ್ಲೇ. ಭಾನುವಾರದ ಪಂದ್ಯ ಮುಗಿದ ಮೇಲೆ ಈ ಒಂಬತ್ತು ಮನೆ ಬರೆದು, ಯಾರು ಯಾವ ಮನೆಯಲ್ಲಿ ಚೆಂಡು ಹಿಡಿದರು ಎಂದು ಗುರುತು ಹಾಕುವುದು ನನ್ನ ರೂಢಿ. ಹೀಗೆ ನಾಲ್ಕು ನೋಟ್‌ಬುಕ್ ತುಂಬಿವೆ. ಕೆಳಗೆ ಹೇಳುವುದೆಲ್ಲ ಅವುಗಳಿಂದ ಬಂದದ್ದು.

ಹೆಸರು ಬರೆಯುವ ಮೊದಲು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಯಾರೆಂದು ನೋಡಿ. ಅವನ ಕೈಗೆ ನಿಲುಕದ ಮನೆಗೆ ರಿಸೀವರ್ ಕೊಂಡು ಪ್ರಯೋಜನವಿಲ್ಲ. ಇದಿಷ್ಟು ಎಲ್ಲರಿಗೂ ಗೊತ್ತಿರುವುದೇ.

ಇನ್ನು ಜಾಗಗಳು. ಗೆರೆಯ ಮೇಲೆ ಕನಿಷ್ಠ ಏಳು ಜನ ನಿಲ್ಲಬೇಕೆಂಬುದು ನಿಯಮ. ಅದರಲ್ಲಿ ಐವರು ಎದುರಾಳಿಗಳನ್ನು ತಡೆಯುವ ಲೈನ್‌ಮನ್‌ಗಳು. ಗೆರೆಯ ಮೇಲಿನವರಲ್ಲಿ ಎರಡು ತುದಿಯವರಿಗೆ ಮಾತ್ರ ಪಾಸ್, ಅಂದರೆ ಎಸೆದ ಚೆಂಡು, ಹಿಡಿಯುವ ಹಕ್ಕು. ಸಾಮಾನ್ಯವಾಗಿ ಒಂದು ತುದಿಯಲ್ಲಿ ಲೈನ್‌ಮನ್‌ಗಳ ಪಕ್ಕಕ್ಕೇ ನಿಲ್ಲುವ ಟೈಟ್ ಎಂಡ್, ಇನ್ನೊಂದು ತುದಿಯಲ್ಲಿ ದೂರಕ್ಕೆ ಸರಿದು ಒಂಟಿಯಾಗಿ ನಿಲ್ಲುವ ಎಕ್ಸ್ ರಿಸೀವರ್. ಗೆರೆಯ ಮೇಲೇ ಇರುವುದರಿಂದ ಎಕ್ಸ್‌ನ ಮುಖಕ್ಕೆ ಮುಖ ಕೊಟ್ಟು ಎದುರು ತಂಡದ ಕಾವಲುಗಾರ, ಒಬ್ಬ ಕಾರ್ನರ್‌ಬ್ಯಾಕ್, ನಿಂತಿರುತ್ತಾನೆ. ಮೊದಲ ಐದು ಗಜದೊಳಗೆ ಕೈಯಿಂದ ತಡೆಯಲು, ತಳ್ಳಲು ಅವನಿಗೆ ಅವಕಾಶವಿದೆ. ಎರಡನೆಯವ ಝಡ್ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಹಾಗಾಗಿ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬರುವ ಮೊದಲೇ ಅಡ್ಡಕ್ಕೆ ಓಡುತ್ತ ಹೊರಡಬಹುದು. ಮೂರನೆಯವ ಒಳಗೆ ನಿಲ್ಲುವ ಸ್ಲಾಟ್. ಅವನಿಗೆ ಎಡಕ್ಕೂ ಬಲಕ್ಕೂ ತಿರುಗುವಷ್ಟು ಜಾಗ ಇರುತ್ತದೆ.

ಎಕ್ಸ್‌ನನ್ನು ಆರಿಸುವುದೇ ಕಷ್ಟ, ತಂಡಗಳು ಹೆಚ್ಚಾಗಿ ಎಡವುವುದೂ ಅಲ್ಲೇ. ಎತ್ತರ, ಭುಜ, ಎಗರಿ ಹಿಡಿಯುವ ಚಿತ್ರ ನೋಡಿ ಮರುಳಾಗುತ್ತಾರೆ. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ವೈಕಿಂಗ್ಸ್ 2016ರಲ್ಲಿ ಮೊದಲ ಸುತ್ತಿನ ಆಯ್ಕೆಯನ್ನು ಅಂಥ ದೊಡ್ಡ ಮೈಕಟ್ಟಿನ ಹುಡುಗನ ಮೇಲೆ ಹಾಕಿತು. ಆ ಇಡೀ ವರ್ಷ ಅವನು ಹಿಡಿದದ್ದು ಒಂದೇ ಒಂದು ಪಾಸ್. ಅದೇ ತಂಡದಲ್ಲಿ ಐದನೇ ಸುತ್ತಿನಲ್ಲಿ ಸಿಕ್ಕ ಸ್ಟೆಫಾನ್ ಡಿಗ್ಸ್ ಇದ್ದ. ಡ್ರಾಫ್ಟ್‌ನಲ್ಲಿ ಯಾರೂ ಕರೆಯದ, ಇದೇ ರಾಜ್ಯದ ಮ್ಯಾಂಕೇಟೋ ಕಾಲೇಜಿನಿಂದ ಬಂದ ಆಡಮ್ ಥೀಲನ್ ಇದ್ದ. ಮನೆಗಳನ್ನು ತುಂಬಿಸಿದವರು ಅವರಿಬ್ಬರು. ಆದ್ದರಿಂದ ಆಟಗಾರನ ವಿಡಿಯೋ ನೋಡುವಾಗ ಚೆಂಡನ್ನು ಬಿಟ್ಟುಬಿಡಿ. ಮೊದಲ ಎರಡು ಹೆಜ್ಜೆ ನೋಡಿ. ಎದುರಿನವನ ಕೈ ತನ್ನ ಎದೆಗೆ ತಾಗುವ ಮೊದಲು ಪಕ್ಕಕ್ಕೆ ಜಾರಿದನೇ? ಓಡುತ್ತಿದ್ದವನು ತಿರುಗಬೇಕಾದಲ್ಲಿ ಮೂರು ಹೆಜ್ಜೆಯಲ್ಲಿ ನಿಂತನೇ, ಐದು ಹೆಜ್ಜೆ ತೆಗೆದುಕೊಂಡನೇ? ಬೇಸಿಗೆಯ ಶಿಬಿರದಲ್ಲಿ ಜಸ್ಟಿನ್ ಜೆಫರ್‌ಸನ್‌ನನ್ನು ನಾನು ಹೀಗೆ ನೋಡುತ್ತ ಕೂತಿದ್ದೇನೆ. ಸೊಂಟ ಒಂದು ಕಡೆ ಹೊರಟಂತೆ ಕಾಣುತ್ತದೆ, ಕಾಲು ಇನ್ನೊಂದು ಕಡೆ ಹೋಗಿರುತ್ತದೆ. ಎಷ್ಟು ನೋಡಿದರೂ ತಣಿಯುವುದಿಲ್ಲ.

ಜೆಫರ್‌ಸನ್ ಬಂದ ಬಗೆಯಲ್ಲೂ ಒಂದು ಪಾಠವಿದೆ. 2020ರ ಮಾರ್ಚ್‌ನಲ್ಲಿ ವೈಕಿಂಗ್ಸ್ ಡಿಗ್ಸ್‌ನನ್ನು ಬಫಲೋ ಬಿಲ್ಸ್‌ಗೆ ಕೊಟ್ಟು, ಬದಲಿಗೆ ಬಂದ 22ನೇ ಆಯ್ಕೆಯಲ್ಲಿ ಜೆಫರ್‌ಸನ್‌ನನ್ನು ತೆಗೆದುಕೊಂಡಿತು. ಎಲ್‌ಎಸ್‌ಯು ಕಾಲೇಜಿನ ಕೊನೆಯ ವರ್ಷ ಅವನು ಹೆಚ್ಚಾಗಿ ಆಡಿದ್ದು ಸ್ಲಾಟ್‌ನಲ್ಲಿ; ಹೊರಗೆ ನಿಂತು ಆಡಬಲ್ಲನೇ ಎಂಬ ಅನುಮಾನ ಹಲವರಿಗಿತ್ತು. ಮೊದಲ ವರ್ಷವೇ ಪಾಸ್ ಹಿಡಿದು 1,400 ಗಜ ಗಳಿಸಿದ. ಡಿಗ್ಸ್ ಖಾಲಿಮಾಡಿದ ಮನೆಗಳನ್ನೇ ತುಂಬಬಲ್ಲವನನ್ನು ಹುಡುಕಿದ್ದರು, ಅವನು ಕಾಲೇಜಿನಲ್ಲಿ ಎಲ್ಲಿ ನಿಲ್ಲುತ್ತಿದ್ದ ಎಂಬುದಕ್ಕೆ ಕಟ್ಟುಬೀಳಲಿಲ್ಲ.

ಒಂದೇ ಬಗೆಯ ಮೂವರನ್ನು ಸೇರಿಸಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಪಾರ್ಕಿನಲ್ಲಿ. ಮಗಳ ಫ್ಲ್ಯಾಗ್ ಫುಟ್‌ಬಾಲ್ ತಂಡಕ್ಕೆ ಒಂದು ಸೀಸನ್ ಕೋಚ್ ಆಗಿದ್ದೆ. ವೇಗದ ಮಕ್ಕಳು ಮೂವರಿದ್ದರು, ಮೂವರನ್ನೂ ಮೇಲಕ್ಕೆ ಓಡಿಸಿದೆ. ಎದುರು ತಂಡದ ಒಬ್ಬಳೇ ಹುಡುಗಿ ನಿಂತಲ್ಲೇ ನಿಂತು ಚೆಂಡು ಹಿಡಿದುಬಿಟ್ಟಳು. “ಅಪ್ಪಾ, ನಾವು ಮೂರೂ ಜನ ಒಂದೇ ಕಡೆ ಹೋದ್ವಲ್ಲ” ಅಂದಳು ಮಗಳು. ಮೂವರಿದ್ದರೂ ತುಂಬಿದ್ದು ಒಂದೇ ಮನೆ.

ಇದಕ್ಕೆ ತದ್ವಿರುದ್ಧವಾಗಿದ್ದದ್ದು 1998ರ ವೈಕಿಂಗ್ಸ್. ಆಗ ನಾನು ಹಾಸನದಲ್ಲಿ ಶಾಲೆಯಲ್ಲಿದ್ದೆ. ಆ ಪಂದ್ಯಗಳನ್ನೆಲ್ಲ ನೋಡಿದ್ದು ಬಹಳ ತಡವಾಗಿ. ರ್‍ಯಾಂಡಿ ಮಾಸ್ ಆಗ ಹೊಸಬ. ಡಲ್ಲಾಸ್‌ನಲ್ಲಿ ನಡೆದ ಥ್ಯಾಂಕ್ಸ್‌ಗಿವಿಂಗ್ ಪಂದ್ಯದಲ್ಲಿ ಹಿಡಿದದ್ದು ಮೂರೇ ಪಾಸ್, 163 ಗಜ, ಮೂರೂ ಎದುರಾಳಿಯ ಕೊನೆಯ ಗೆರೆ ದಾಟಿದ ಟಚ್‌ಡೌನ್. ಮೇಲಿನ ಸಾಲನ್ನು ಅವನೊಬ್ಬನೇ ಹೆದರಿಸಿ ಇಟ್ಟಿದ್ದ. ಎದುರು ತಂಡದ ಕೊನೆಯ ಕಾವಲುಗಾರರಾದ ಸೇಫ್ಟಿಗಳು ಹಿಂದೆ ಸರಿದರೆ ಅಂಚಿನ ಮನೆಗಳಲ್ಲಿ ಕ್ರಿಸ್ ಕಾರ್ಟರ್ ಇದ್ದ. ಮೈದಾನದ ಅಂಚಿನ ಗೆರೆಯೊಳಗೆ ಕಾಲ್ಬೆರಳು ಊರಿ, ಆಚೆ ಬಾಗಿ ಹಿಡಿಯುವ ಕೈ ಅವನದು. ಮೂರನೆಯವ ಜೇಕ್ ರೀಡ್, ಅದಕ್ಕೂ ಹಿಂದಿನ ನಾಲ್ಕು ವರ್ಷ ಸತತವಾಗಿ ಸಾವಿರ ಗಜ ದಾಟಿದ್ದವನು. ಆ ತಂಡ 15 ಗೆದ್ದು ಒಂದೇ ಸೋತು, 556 ಅಂಕ ಗಳಿಸಿತು. ಅಲ್ಲಿಯವರೆಗೆ ಯಾವ ತಂಡವೂ ಒಂದು ಸೀಸನ್‌ನಲ್ಲಿ ಅಷ್ಟು ಗಳಿಸಿರಲಿಲ್ಲ.

ಟೈಟ್ ಎಂಡ್ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸಿ. ನಡುವಿನ ಮನೆಗಳು ಅವನವು. ಆದರೆ ಅವನು ಎದುರಾಳಿಯನ್ನು ತಡೆದು ಚೆಂಡು ಹಿಡಿದು ಓಡುವ ರನ್ನರ್‌ಗೆ ದಾರಿ ಮಾಡುವವನೂ ಆಗಿದ್ದರೆ ಮಾತ್ರ ಎದುರು ಕೋಚ್ ಗೊಂದಲಕ್ಕೆ ಬೀಳುತ್ತಾನೆ. ಓಟ ತಡೆಯಲು ಭಾರಿ ಲೈನ್‌ಬ್ಯಾಕರ್ ಇಳಿಸಬೇಕೇ, ಪಾಸ್ ತಡೆಯಲು ಚುರುಕಾದ ಐದನೇ ಡಿಫೆನ್ಸಿವ್ ಬ್ಯಾಕ್ ಇಳಿಸಬೇಕೇ ಎಂದು ಅವನಿಗೆ ತಿಳಿಯಬಾರದು. ಒಬ್ಬನಲ್ಲೇ ಎರಡೂ ಸಿಗದಿದ್ದರೆ ಇಬ್ಬರನ್ನು ಇಟ್ಟುಕೊಳ್ಳಿ. ಪಾಸ್ ಹಿಡಿಯುವ ಟೈಟ್ ಎಂಡ್ ಟಿ.ಜೆ. ಹಾಕೆನ್‌ಸನ್ ಇದ್ದೂ 2023ರಲ್ಲಿ ವೈಕಿಂಗ್ಸ್ ಇನ್ನೊಬ್ಬ ಟೈಟ್ ಎಂಡ್ ಜಾಶ್ ಆಲಿವರ್‌ಗೆ ಮೂರು ವರ್ಷಕ್ಕೆ 2.1 ಕೋಟಿ ಡಾಲರ್ ಕೊಟ್ಟಾಗ, ತಡೆಯುವವನಿಗೆ ಇಷ್ಟು ದುಡ್ಡೇ ಎಂದು ನನ್ನ ಆಫೀಸಿನಲ್ಲಿ ಗೊಣಗಿದವರುಂಟು. ನನಗೆ ಅದು ಆ ವರ್ಷದ ಒಳ್ಳೆಯ ಖರೀದಿ ಅನಿಸಿತ್ತು, ಈಗಲೂ ಅನಿಸುತ್ತದೆ.

ದುಡ್ಡಿನ ವಿಷಯ. 2024ರಲ್ಲಿ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಸಂಬಳದ ಮಿತಿ, 25.54 ಕೋಟಿ ಡಾಲರ್. ಅದೇ ಬೇಸಿಗೆಯಲ್ಲಿ ಜೆಫರ್‌ಸನ್ ನಾಲ್ಕು ವರ್ಷಕ್ಕೆ 14 ಕೋಟಿಯ ಒಪ್ಪಂದಕ್ಕೆ ಸಹಿ ಹಾಕಿದ, ಸರಾಸರಿ ವರ್ಷಕ್ಕೆ 3.5 ಕೋಟಿ. ಹಾಗಾಗಿ ಎರಡನೆಯವನು ಹೊಸಬರ ಅಗ್ಗದ ಒಪ್ಪಂದದಲ್ಲಿರಬೇಕು, ಅವನನ್ನು ಮೊದಲೇ ತಂದಿರಬೇಕು. ವೈಕಿಂಗ್ಸ್ ಜಾರ್ಡನ್ ಅಡಿಸನ್‌ನನ್ನು 2023ರ ಡ್ರಾಫ್ಟ್‌ನಲ್ಲೇ 23ನೇ ಆಯ್ಕೆಯಾಗಿ ತಂದಿತ್ತು. ಥೀಲನ್‌ನನ್ನು ಬಿಟ್ಟುಕೊಟ್ಟದ್ದೂ ಅದೇ ವಸಂತದಲ್ಲಿ. ನೆಚ್ಚಿನ ಆಟಗಾರ, ಆ ದಿನ ಮನಸ್ಸಿಗೆ ಕಸಿವಿಸಿಯಾಗಿತ್ತು. ಮೂರನೆಯವ ಜೇಲನ್ ನೇಲರ್ ಬಂದದ್ದು ಆರನೇ ಸುತ್ತಿನಲ್ಲಿ. 2024ರಲ್ಲಿ ಈ ಮೂವರು ಹಿಡಿದ ಟಚ್‌ಡೌನ್‌ಗಳು ಕ್ರಮವಾಗಿ 10, 9, 6. ಸಿನ್ಸಿನಾಟಿ ತಂಡ ಬೇರೆ ದಾರಿ ಹಿಡಿಯಿತು: 2025ರ ಮಾರ್ಚ್‌ನಲ್ಲಿ ತನ್ನ ರಿಸೀವರ್‌ಗಳಾದ ಜಮಾರ್ ಚೇಸ್‌ಗೆ 16.1 ಕೋಟಿ, ಟೀ ಹಿಗ್ಗಿನ್ಸ್‌ಗೆ 11.5 ಕೋಟಿ. ಇಬ್ಬರೂ ಅದ್ಭುತ ಆಟಗಾರರು. ಆದರೆ ಹಿಂದಿನ ಸೀಸನ್‌ನಲ್ಲಿ ಚೇಸ್ ಪಾಸ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗ್‌ಗೇ ಮೊದಲಿಗನಾಗಿದ್ದರೂ ತಂಡ 9 ಗೆದ್ದು 8 ಸೋತು ಪ್ಲೇಆಫ್ ತಲುಪಿರಲಿಲ್ಲ. ನಾನಾಗಿದ್ದರೆ ಒಬ್ಬನಿಗೆ ಮಾತ್ರ ಅಷ್ಟು ಕೊಡುತ್ತಿದ್ದೆ.

ಹಾಳೆ ತುಂಬಿತೇ? ಈಗ ಪೆನ್ಸಿಲ್ ತಿರುಗಿಸಿ, ಅತಿ ಹೆಚ್ಚು ಮನೆಗಳಲ್ಲಿರುವ ಹೆಸರನ್ನು ಅಳಿಸಿ. 2023ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಎದುರಿನ ಪಂದ್ಯದಲ್ಲಿ ಜೆಫರ್‌ಸನ್‌ನ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡು ಏಳು ಪಂದ್ಯ ತಪ್ಪಿತು. ನನ್ನ ಹಾಳೆಯಲ್ಲಿ ಅಡಿಸನ್ ಹೊರಗಿನ ಮನೆಗಳಿಗೆ ಹೋದ, ಹಾಕೆನ್‌ಸನ್ ನಡುವನ್ನು ಹಿಡಿದುಕೊಂಡ. ಮೊಣಕಾಲಿನ ಲಿಗಮೆಂಟ್ ಹರಿಯುವ ಮುನ್ನ ಆ ವರ್ಷ ಹಾಕೆನ್‌ಸನ್ 95 ಪಾಸ್ ಹಿಡಿದಿದ್ದ. ಅಳಿಸಿದ ಮೇಲೂ ಪ್ರತಿ ಸಾಲಿನಲ್ಲಿ ಒಂದು ಹೆಸರಾದರೂ ಉಳಿಯಬೇಕು. ಉಳಿಯದಿದ್ದರೆ ನಿಮ್ಮ ಮುಂದಿನ ಡ್ರಾಫ್ಟ್ ಆಯ್ಕೆ ಯಾವುದೆಂದು ಆ ಖಾಲಿ ಸಾಲೇ ಹೇಳುತ್ತದೆ.

ಕೊನೆಗೆ ಹಾಳೆಯ ಕೆಳಗೆ, ಗೆರೆಯ ಮೇಲೆ, ಐವರು ಲೈನ್‌ಮನ್‌ಗಳ ಹೆಸರನ್ನೂ ಬರೆಯಿರಿ. ಇದನ್ನು ನಾನು ಬರೆಯಲು ಶುರುಮಾಡಿದ್ದು 2025ರ ಜನವರಿ 13ರ ರಾತ್ರಿಯಿಂದ. 14 ಪಂದ್ಯ ಗೆದ್ದು ಬಂದಿದ್ದ ವೈಕಿಂಗ್ಸ್ ಪ್ಲೇಆಫ್‌ನಲ್ಲಿ ರ್‍ಯಾಮ್ಸ್‌ಗೆ 27–9ರಲ್ಲಿ ಸೋತಿತು. ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಡಾರ್ನಲ್ಡ್ ಒಂಬತ್ತು ಸಲ ಚೆಂಡು ಕೈಯಲ್ಲಿರುವಾಗಲೇ ನೆಲಕ್ಕೆ ಬಿದ್ದ. ಮೇಲಿನ ಸಾಲು ತಲುಪಲು ರಿಸೀವರ್‌ಗೆ ಬೇಕಾದ ಸಮಯವನ್ನು ಕೊಡುವವರು ಆ ಐವರು. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ 24ನೇ ಆಯ್ಕೆ ಬಂದಾಗ ತಂಡ ಒಹಾಯೋ ಸ್ಟೇಟ್ ಕಾಲೇಜಿನ, ಗಾರ್ಡ್ ಜಾಗದ ಲೈನ್‌ಮನ್ ಡಾನವನ್ ಜಾಕ್ಸನ್‌ನನ್ನು ಕರೆಯಿತು. ಐದನೇ ನೋಟ್‌ಬುಕ್‌ನ ಮೊದಲ ಪುಟದಲ್ಲಿ ನಾನು ಬರೆದ ಮೊದಲ ಹೆಸರು ಅದು.