ಮುಕ್ಕಾಲು ಮರಳು, ಕಾಲು ಕಬ್ಬಿಣ

ಕಬ್ಬಿಣದ ಎರಕ ಹೊಯ್ಯುವುದನ್ನು ಕಲಿಯಬೇಕೆಂದು ಹೋದ ನನಗೆ ಮೊದಲ ದಿನ ಕೊಟ್ಟದ್ದು ಒಂದು ಸುತ್ತಿಗೆ, ಒಂದು ಜೊತೆ ದಪ್ಪ ಕೈಗವಸು ಮತ್ತು ಹಳೆಯ ಮನೆಗಳಿಂದ ಕಿತ್ತು ತಂದ ರೇಡಿಯೇಟರುಗಳ ರಾಶಿ. ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡಲು ಬಿಸಿನೀರು ಹರಿಸುತ್ತಿದ್ದ ಆ ರೇಡಿಯೇಟರುಗಳು ಬೀಡು ಕಬ್ಬಿಣದವು. ಅವನ್ನು ಅಂಗೈಯಗಲದ ಚೂರುಗಳಾಗಿ ಒಡೆಯಬೇಕಾಗಿತ್ತು. ಚೂರು ದೊಡ್ಡದಾದರೆ ಕುಲುಮೆಯ ಕೊಳವೆಯಲ್ಲಿ ಅಡ್ಡ ಸಿಕ್ಕಿಕೊಂಡು, ಮೇಲಿಂದ ಹಾಕಿದ್ದು ಕೆಳಗಿಳಿಯದೆ ನಿಂತುಬಿಡುತ್ತದೆ. ಸ್ನಾನದ ತೊಟ್ಟಿಯ ತುಂಡುಗಳು ಇನ್ನೂ ಅಪಾಯಕಾರಿ. ಸುತ್ತಿಗೆ ಬಿದ್ದ ಕೂಡಲೇ ಅವುಗಳ ಮೇಲಿನ ಎನಾಮಲ್ ಗಾಜಿನಂತೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕವಿಲ್ಲದವರನ್ನು ಆ ರಾಶಿಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಮತ್ತು ಮಲೆನಾಡಿನ ಸೌದೆಯ ಇದ್ದಿಲಿನಿಂದ ಕಬ್ಬಿಣ ತೆಗೆಯಲಾರಂಭಿಸಿದ ಕಾರ್ಖಾನೆಯ ಫೌಂಡ್ರಿಯಲ್ಲಿ ನನ್ನ ತಂದೆ ಮೋಲ್ಡರ್, ಅಂದರೆ ಮರಳಿನ ಅಚ್ಚು ಮಾಡುವವರು, ಆಗಿದ್ದರು. ಅಷ್ಟಿದ್ದರೂ ನಾನು ಒಂದು ಹಿಡಿ ಅಚ್ಚಿನ ಮರಳನ್ನು ಮುಟ್ಟಿದವನಲ್ಲ. ಓದಿ, ಸಾಫ್ಟ್‌ವೇರ್ ಕೆಲಸ ಹಿಡಿದು, ಅಮೆರಿಕದ ಅಟ್ಲಾಂಟಾಕ್ಕೆ ಬಂದು, ಸಂಜೆಯ ಹೊತ್ತು ಜೇಡಿಮಣ್ಣಿನಲ್ಲಿ ಸಣ್ಣಪುಟ್ಟ ಶಿಲ್ಪಗಳನ್ನು ಮಾಡಿಕೊಂಡಿದ್ದೆ. ಅಲ್ಲಿಂದ ಪಶ್ಚಿಮಕ್ಕೆ ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಸಿಗುತ್ತದೆ. ದಾರಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಬೆಳಿಗ್ಗೆ ಆರಕ್ಕೆ ಹೊರಟವನು ಏಳೂವರೆಗೆಲ್ಲ ಅಲ್ಲಿರುತ್ತಿದ್ದೆ. ಅದಿರು, ಕಲ್ಲಿದ್ದಲು, ಸುಣ್ಣಕಲ್ಲು ಮೂರೂ ಸುತ್ತಮುತ್ತಲೇ ಸಿಗುವ ಕಾರಣಕ್ಕೆ ಹುಟ್ಟಿದ ಊರು ಅದು. ಅಲ್ಲಿನ ಸ್ಲಾಸ್ ಫರ್ನೇಸಸ್ 1882ರಿಂದ 1971ರವರೆಗೆ ಕಬ್ಬಿಣ ತೆಗೆದು, ಮುಚ್ಚಿಹೋಗಿ, 1983ರಲ್ಲಿ ವಸ್ತುಸಂಗ್ರಹಾಲಯವಾಗಿ ಮತ್ತೆ ತೆರೆಯಿತು. ಆ ತುಕ್ಕು ಹಿಡಿದ ಊದುಕುಲುಮೆಗಳ ನೆರಳಿನಲ್ಲೇ ಈಗ ಶಿಲ್ಪಿಗಳು ಎರಕ ಹೊಯ್ಯುತ್ತಾರೆ, ಕಲಿಯಬಯಸುವವರಿಗೆ ಕಾರ್ಯಾಗಾರಗಳನ್ನೂ ನಡೆಸುತ್ತಾರೆ. ಊರಿನ ಗುಡ್ಡದ ಮೇಲೆ ನಿಂತಿರುವ, ರೋಮನ್ನರ ಬೆಂಕಿ ಮತ್ತು ಕುಲುಮೆಯ ದೇವತೆಯಾದ ವಲ್ಕನ್‌ನ ಪ್ರತಿಮೆಯನ್ನು ಮೊದಲ ದಿನವೇ ನೋಡಿಬಂದೆ. 1904ರ ಸೇಂಟ್ ಲೂಯಿಸ್ ಪ್ರದರ್ಶನಕ್ಕಾಗಿ ಜುಸೆಪ್ಪೆ ಮೊರೆಟ್ಟಿ ರೂಪಿಸಿದ, 56 ಅಡಿ ಎತ್ತರದ ಆ ಪ್ರತಿಮೆ ಬೀಡು ಕಬ್ಬಿಣದ ಪ್ರತಿಮೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಅದನ್ನು ನೋಡಿ ಬಂದವನಿಗೆ ಕಬ್ಬಿಣದಲ್ಲಿ ಏನು ಬೇಕಾದರೂ ಮಾಡಬಹುದೆಂಬ ಭ್ರಮೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊಸಬರಿಗೆ ಕೊಡುವ ಮೊದಲ ಪಾಠ ಮರಳಿನ ಹಲಗೆ. ಸಿಲಿಕಾ ಮರಳಿಗೆ ರೆಸಿನ್ ಎಂಬ ಅಂಟು ಬೆರೆಸಿ, ಚೌಕಾಕಾರದ ಪೆಟ್ಟಿಗೆಯಲ್ಲಿ ಗಟ್ಟಿಯಾಗಿಸಿದ ಬಿಲ್ಲೆ ಅದು. ಮೊಳೆಯಿಂದಲೋ ಹಳೆಯ ಚಮಚದಿಂದಲೋ ಅದರಲ್ಲಿ ಚಿತ್ರ ಕೆರೆಯಬೇಕು. ಕೆರೆದ ತಗ್ಗೆಲ್ಲ ಕಬ್ಬಿಣದಲ್ಲಿ ಉಬ್ಬಾಗಿ ಬರುತ್ತದೆ, ಬಲಗಡೆಯದು ಎಡಕ್ಕೆ ಬರುತ್ತದೆ. ನಾನು ‘ಎರಕ’ ಎಂದು ಬರೆಯಲು ಹೊರಟೆ. ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊರೆದೆನಾದರೂ ಅಕ್ಷರಗಳ ಸಾಲನ್ನು ತಿರುವುವುದನ್ನು ಮರೆತೆ. ತಪ್ಪನ್ನು ಹಿಡಿಯಲು ಅಲ್ಲಿ ಕನ್ನಡ ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಹೀಗಾಗಿ ನನ್ನ ಮೊದಲ ಕೃತಿ ‘ಕರಎ’ ಎಂದು ಓದಿಸಿಕೊಳ್ಳುತ್ತದೆ. ಅದಕ್ಕಿಂತ ಉಪಯುಕ್ತವಾದ ಪಾಠವನ್ನು ಕಲಿಸಿದ್ದು ‘ರ’ ಅಕ್ಷರ. ಅದರ ಹೊಟ್ಟೆಯೊಳಗೆ ಉಳಿದ ಮರಳು ಸುತ್ತಲೂ ಆಸರೆಯಿಲ್ಲದ ಸಣ್ಣ ಕಂಬದಂತೆ ನಿಂತಿತ್ತು; ಹರಿದು ಬಂದ ಕಬ್ಬಿಣ ಅದನ್ನು ಬುಡಸಹಿತ ಎತ್ತಿಕೊಂಡು ಹೋಗಿ, ಅಕ್ಷರ ಒಂದು ಮುದ್ದೆಯಾಯಿತು. ದುಂಡಗಿನ ನಮ್ಮ ಲಿಪಿಯನ್ನು ಮರಳಿನಲ್ಲಿ ಕೊರೆಯುವವರು ಒಳಗಿನ ದ್ವೀಪಗಳನ್ನು ಅಗಲವಾಗಿಯೂ ಬುಡ ದಪ್ಪವಾಗಿಯೂ ಬಿಡಬೇಕು. ಕೊರೆತ ಮುಗಿದ ಮೇಲೆ ಗ್ರಾಫೈಟ್ ಬೆರೆಸಿದ ಆಲ್ಕೋಹಾಲ್ ಬಳಿದು ಬೆಂಕಿ ತಗುಲಿಸುತ್ತಾರೆ. ಆಲ್ಕೋಹಾಲ್ ಉರಿದುಹೋಗಿ, ಮರಳು ಲೋಹಕ್ಕೆ ಅಂಟದಂತೆ ತಡೆಯುವ ಕಪ್ಪು ಲೇಪ ಉಳಿಯುತ್ತದೆ.

ಕುಲುಮೆ ಹೊತ್ತಿಸುವ ದಿನದ ವಿಷಯವನ್ನು ಎಷ್ಟು ಹೇಳಿದರೂ ಸಾಲದು, ಆದರೆ ನೋಡುವವರಿಗೆ ಕಾಣುವ ಬೆಂಕಿಗಿಂತ ಮಾಡುವವರ ಗಮನವೆಲ್ಲ ನೀರಿನ ಮೇಲಿರುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕರಗಿದ ಕಬ್ಬಿಣ 1300 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿರುತ್ತದೆ. ಅದರ ಕೆಳಗೆ ಒಂದು ಚಮಚ ನೀರು ಸಿಕ್ಕರೂ ಅದು ಆ ಕ್ಷಣವೇ ಆವಿಯಾಗಿ ಲೋಹವನ್ನು ಸಿಡಿಸುತ್ತದೆ. ಕಾಂಕ್ರೀಟ್ ನೆಲದ ಮೇಲೆ ಚೆಲ್ಲಿದರೂ ಕಾಂಕ್ರೀಟಿನೊಳಗಿನ ತೇವವೇ ಸಾಕು. ಆದ್ದರಿಂದ ನೆಲದ ಮೇಲೆ ಒಣ ಮರಳು ಹರಡಿರುತ್ತಾರೆ. ಕಬ್ಬಿಣ ಹಿಡಿಯುವ ಲ್ಯಾಡಲ್‌ಗಳನ್ನು ಗಂಟೆಗಟ್ಟಲೆ ಉರಿಯಲ್ಲಿ ಕಾಯಿಸಿಡುತ್ತಾರೆ. ಕರಗಿ ಮೈಗಂಟುವ ಪಾಲಿಯೆಸ್ಟರ್ ಬಟ್ಟೆಗೆ ಪ್ರವೇಶವಿಲ್ಲ. ಹತ್ತಿ ಬಟ್ಟೆ, ಅದರ ಮೇಲೆ ಚರ್ಮದ ಜಾಕೆಟ್, ಬೂಟಿನೊಳಗೆ ಕಿಡಿ ಬೀಳದಂತೆ ಚರ್ಮದ ಮುಚ್ಚಿಗೆ, ಮುಖಕ್ಕೆ ಕವಚ.

ಕ್ಯುಪೋಲಾ ಎಂಬ ಆ ಕುಲುಮೆ ನಿಂತ ಕೊಳವೆಯಂತಿರುತ್ತದೆ. ತಳದಲ್ಲಿ ಕೋಕ್, ಅಂದರೆ ಕಲ್ಲಿದ್ದಲಿನಿಂದ ಮಾಡಿದ ಇಂಧನ, ಕೆಂಡವಾದ ಮೇಲೆ ಮೇಲಿನಿಂದ ಒಂದು ಸರದಿ ಕೋಕ್, ಒಂದು ಸರದಿ ಕಬ್ಬಿಣ, ಒಂದಿಷ್ಟು ಸುಣ್ಣಕಲ್ಲು ಎಂದು ತೂಕ ಮಾಡಿ ಹಾಕುತ್ತ ಹೋಗಬೇಕು. ಪಕ್ಕದಿಂದ ಬ್ಲೋವರ್ ಗಾಳಿ ಊದುತ್ತದೆ. ಸುಣ್ಣಕಲ್ಲು ಬೂದಿಯನ್ನೂ ಕಸವನ್ನೂ ಕಟ್ಟಿಕೊಂಡು ಕಿಟ್ಟವಾಗಿ ಮೇಲೆ ತೇಲುತ್ತದೆ, ಕಬ್ಬಿಣ ತಳದಲ್ಲಿ ನಿಲ್ಲುತ್ತದೆ. ನನಗೆ ಆ ದಿನ ಸಿಕ್ಕ ಕೆಲಸ ಕೋಕ್ ತೂಗುವುದು. ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ನಡುವೆ ಒಮ್ಮೆ ನಾನು ಲೆಕ್ಕ ತಪ್ಪಿ ಒಂದು ಸರದಿ ಕೋಕ್ ಬಿಟ್ಟುಬಿಟ್ಟಾಗ, ಅರ್ಧ ಗಂಟೆಯೊಳಗೆ ಕಬ್ಬಿಣ ತಣ್ಣಗಾಗಿ ಮಂದವಾಗಿ ಹರಿಯಿತು, ಮೂರು ಜನರ ಬಿಲ್ಲೆಗಳು ಅಂಚಿನವರೆಗೆ ತುಂಬದೆ ಹೋದವು. ಕುಲುಮೆಯ ಬಾಯಿಗೆ ಬಡಿದ ಮಣ್ಣಿನ ಬಿರಡೆಯನ್ನು ಕಂಬಿಯಿಂದ ಚುಚ್ಚಿ ತೆರೆಯುವವನು, ಲ್ಯಾಡಲ್ ಹಿಡಿಯುವ ಇಬ್ಬರು, ಮೇಲೆ ನಿಂತು ಸರದಿ ಹಾಕುವವರು, ಕಿಟ್ಟ ತೆಗೆಯುವವರು ಎಲ್ಲರೂ ಒಂದೇ ಲಯದಲ್ಲಿ ಇರಬೇಕಾದ ಕೆಲಸವಿದು. ಮಣ್ಣಿನ ಶಿಲ್ಪ ಮಾಡುವಾಗ ಒಂಟಿಯಾಗಿರಲು ಇಷ್ಟಪಡುತ್ತಿದ್ದ ನನಗೆ ಅದು ಒಗ್ಗಲು ಸ್ವಲ್ಪ ಕಾಲ ಬೇಕಾಯಿತು.

ಮುಂದಿನ ವರ್ಷ ಒಂದು ಕಾಲೇಜಿನ ಎರಕದ ಶಾಲೆಯಲ್ಲಿ ಒಂದು ವಾರದ ಶಿಬಿರಕ್ಕೆ ಸೇರಿದೆ. ಬಿಲ್ಲೆ ಬಿಟ್ಟು ಪೂರ್ಣಾಕೃತಿಯ ಶಿಲ್ಪ ಮಾಡುವ ಶಿಬಿರ. ನಾನು ಆರಿಸಿಕೊಂಡದ್ದು ಹಲಸಿನ ಹಣ್ಣು. ಏಷ್ಯಾದ ದಿನಸಿ ಅಂಗಡಿಯಲ್ಲಿ ಸಿಕ್ಕ, ಒಂದಡಿ ಉದ್ದದ ಎಳೆಯ ಕಾಯಿ. ಬೀಡು ಕಬ್ಬಿಣದಲ್ಲಿ ಶೇಕಡಾ ಮೂರೂವರೆಯ ಆಸುಪಾಸು ಇಂಗಾಲವಿರುತ್ತದೆ. ಲೋಹ ಗಟ್ಟಿಯಾಗುವಾಗ ಅದರಲ್ಲಿ ಬಹುಪಾಲು ಗ್ರಾಫೈಟ್ ಪದರಗಳಾಗಿ ಬೇರ್ಪಟ್ಟು ಹಿಗ್ಗುವುದರಿಂದ, ಲೋಹ ಕುಗ್ಗುವುದು ಕಡಿಮೆ, ಸೂಕ್ಷ್ಮ ಗೆರೆಗಳೂ ಮೂಡುತ್ತವೆ. ಮುಳ್ಳುಮೈಯ ಹಲಸಿಗೆ ಇದಕ್ಕಿಂತ ತಕ್ಕ ಲೋಹವಿಲ್ಲವೆಂದು ನಾನು ವಾದಿಸಿದೆ. ಅಚ್ಚು ತೆಗೆಯುವುದು ಹೇಗೆಂದು ನಮ್ಮ ಶಿಕ್ಷಕಿ ಕೇಳಿದರು.

ಅಲ್ಲಿಂದ ಮೂರು ದಿನ ಮರಳಿನೊಡನೆಯೇ ಕಳೆಯಿತು. ಎರಡು ಭಾಗದ ಅಚ್ಚು ಮಾಡಿದರೆ ಬದಿಯ ಮುಳ್ಳುಗಳು ಮರಳಿಗೆ ಕಚ್ಚಿಕೊಂಡು, ಬಿಡಿಸುವಾಗ ಅಂಚೆಲ್ಲ ಒಡೆಯಿತು. ನಾಲ್ಕು ಭಾಗ ಮಾಡಿದೆ. ಪ್ರತಿ ಭಾಗವನ್ನೂ ಅದರ ನಡುಮುಳ್ಳಿನ ದಿಕ್ಕಿಗೇ ನೇರವಾಗಿ ಎಳೆದಾಗ ಬಿಟ್ಟುಕೊಂಡಿತು. ಇನ್ನೊಂದು ತೊಡಕು ಕಾಯಿಯ ತೇವ. ನಾವು ಬಳಸುತ್ತಿದ್ದ ರೆಸಿನ್‌ಗೆ ನೀರು ಆಗಿಬರುವುದಿಲ್ಲ, ಸಿಪ್ಪೆಗೆ ತಾಗಿದ ಮರಳು ಗಟ್ಟಿಯಾಗದೆ ಬೆರಳಿಗೆ ಉದುರುತ್ತಿತ್ತು. ಹಲಸು ಹೆಚ್ಚುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುವ ಅಭ್ಯಾಸದವನಾದ ನಾನು ಎಣ್ಣೆಯನ್ನೇ ಬಳಿದು ನೋಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಕಾಯಿಗೆ ಎರಡು ಸಲ ಅರಗಿನ ವಾರ್ನಿಷ್ ಹೊಡೆದು ಒಣಗಿಸಿದ ಮೇಲೆ ಅಚ್ಚು ಸರಿಯಾಗಿ ಎದ್ದಿತು.

ಇಡೀ ಹಣ್ಣನ್ನು ಗಟ್ಟಿಯಾಗಿ ಎರೆದರೆ 45 ಕೆ.ಜಿ. ಆಗುತ್ತಿತ್ತು, ದಪ್ಪ ಇರುವಲ್ಲಿ ಒಳಗೆ ಕುಳಿ ಬೀಳುವ ಸಾಧ್ಯತೆಯೂ ಇತ್ತು. ಟೊಳ್ಳು ಮಾಡಿದರೆ ಸುಮಾರು 11 ಕೆ.ಜಿ. ಅದಕ್ಕೆ ಅಚ್ಚಿನ ಒಳಮೈಗೆ ಒಂದು ಸೆಂಟಿಮೀಟರ್ ದಪ್ಪದ ಜೇಡಿಮಣ್ಣಿನ ರೊಟ್ಟಿ ಹೊದಿಸಿ, ಉಳಿದ ಜಾಗಕ್ಕೆ ಮರಳು ತುಂಬಿ ಕೋರ್, ಅಂದರೆ ಒಳಗಿನ ತಿರುಳು, ಮಾಡಬೇಕು. ಆಮೇಲೆ ಮಣ್ಣನ್ನು ತೆಗೆದರೆ ಅಷ್ಟು ದಪ್ಪದ ಖಾಲಿ ಜಾಗ ಉಳಿಯುತ್ತದೆ. ಎರಡು ಮೊಳೆಗಳ ಮೇಲೆ ಕೋರ್ ಕೂರಿಸಿ ಅಚ್ಚು ಮುಚ್ಚಿದೆ. ಕಬ್ಬಿಣ ಹೊಯ್ದಾಗ ಚೆನ್ನಾಗಿಯೇ ತುಂಬಿದಂತೆ ಕಂಡಿತು. ಮರುದಿನ ಒಡೆದು ನೋಡಿದರೆ ಮೇಲ್ಭಾಗದಲ್ಲಿ ಅಂಗೈಯಷ್ಟು ತೂತು, ಅದರ ಸುತ್ತ ಕಾಗದದಷ್ಟು ತೆಳು ಅಂಚು, ತಳ ಮಾತ್ರ ಎರಡು ಸೆಂಟಿಮೀಟರ್ ದಪ್ಪ.

ಆ ರಾತ್ರಿ ಭದ್ರಾವತಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಅಪ್ಪ, “ಕೋರ್ ತೇಲಿದೆ ಕಣೋ. ಮೊಳೆ ಕೆಳಗೆ ಮಾತ್ರ ಇಟ್ಟಿದ್ದೆಯಾ?” ಎಂದರು. ಹೌದು, ಕೆಳಗೆ ಮಾತ್ರ ಇಟ್ಟಿದ್ದೆ. ಮರಳು ಕೆಳಗೆ ಬೀಳಬಹುದೆಂದು ಹೆದರಿದ್ದೆನೇ ಹೊರತು ಮೇಲೇಳಬಹುದೆಂದು ಊಹಿಸಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. ನನ್ನ ಕೋರ್ ಏಳೆಂಟು ಕೆ.ಜಿ. ತೂಗುತ್ತಿತ್ತು, ಅದು ಜರುಗಿಸುವ ಕಬ್ಬಿಣ 34 ಕೆ.ಜಿ. ಬಾವಿಯಲ್ಲಿ ಖಾಲಿ ಕೊಡವನ್ನು ಅದುಮಿದಂತೆ, ಇಪ್ಪತ್ತಾರು ಕೆ.ಜಿ.ಯಷ್ಟು ಬಲದಿಂದ ಅದು ಮೇಲಕ್ಕೆ ಒತ್ತುತ್ತದೆ. ತೆಳುವಾದ ಅಂಚಿಗೆ ಡ್ರಿಲ್ ಇಟ್ಟರೆ ಬಿಟ್ ಜಾರಿತು. ಬೇಗ ತಣಿದ ಕಬ್ಬಿಣದಲ್ಲಿ ಗ್ರಾಫೈಟ್ ಬೇರ್ಪಡಲು ಸಮಯವಿಲ್ಲದೆ ಅದು ಗಾಜಿನಂತೆ ಗಡುಸಾದ ಬಿಳಿ ಕಬ್ಬಿಣವಾಗಿತ್ತು. “ಕೋರಿಗೆ ಗಾಳಿ ಹೋಗಲು ದಾರಿ ಕೊಟ್ಟಿದ್ದೀಯಾ?” ಎಂದೂ ಅಪ್ಪ ಕೇಳಿದರು. ರೆಸಿನ್ ಉರಿದಾಗ ಹುಟ್ಟುವ ಅನಿಲಕ್ಕೆ ಹೊರದಾರಿ ಇಲ್ಲದಿದ್ದರೆ ಅದು ಲೋಹದೊಳಗೇ ನುಗ್ಗಿ ಗುಳ್ಳೆಗಳಾಗುತ್ತದೆ. ಅದನ್ನಂತೂ ಕೊಟ್ಟಿದ್ದೆ.

ಶಿಬಿರದ ಕೊನೆಯ ಎರಕಕ್ಕೆ ಎರಡನೆಯ ಕೋರ್ ಮಾಡಿದೆ. ಉದ್ದಕ್ಕೂ ಕಬ್ಬಿಣದ ಸರಳು ಹಾಕಿ ಅದರ ಎರಡೂ ತುದಿಗಳನ್ನು ಅಚ್ಚಿನಲ್ಲಿ ಸಿಕ್ಕಿಸಿದೆ, ಮೇಲ್ಗಡೆ ಮೂರು ಮೊಳೆ, ಕೆಳಗೆ ಎರಡು ಮೊಳೆ ಕೊಟ್ಟೆ, ನಾಲ್ಕೂ ಭಾಗಗಳಿಗೆ ಕ್ಲಾಂಪ್ ಬಿಗಿದು ಮೇಲೆ ಭಾರ ಹೇರಿದೆ. ಈ ಸಲ ಲ್ಯಾಡಲಿನ ಒಂದು ಹಿಡಿ ನನ್ನ ಕೈಯಲ್ಲೇ ಇತ್ತು. ಹೊಯ್ಯುವಾಗ ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ಮೊದಲು ಹೋದದ್ದರ ಮೇಲ್ಮೈ ಹೆಪ್ಪುಗಟ್ಟಿ ಆಮೇಲೆ ಬಂದದ್ದು ಅದಕ್ಕೆ ಬೆಸೆದುಕೊಳ್ಳುವುದಿಲ್ಲ. ಅಚ್ಚಿನ ತೂತುಗಳಿಂದ ನೀಲಿ ಜ್ವಾಲೆ ಎದ್ದಿತು. ಇನ್ನೊಂದು ತುದಿಯಲ್ಲಿ, ಅಚ್ಚು ತುಂಬಿದ ಮೇಲೆ ಲೋಹ ಮೇಲೇರಿ ಬರುವ ರೈಸರ್ ಎಂಬ ಕಿಂಡಿಯಲ್ಲಿ ಕಿತ್ತಳೆ ಬಣ್ಣ ಇಣುಕುವವರೆಗೆ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ತಣಿದ ಹಲಸಿನ ಮೈಯಿಂದ ಮರಳು ಉದುರಿಸಿ, ಸರಳನ್ನು ಎಳೆದು, ಒಳಗಿನ ಮರಳನ್ನೂ ಕೆರೆದು ಹೊರತೆಗೆಯಲು ಒಂದು ದಿನ ಹಿಡಿಯಿತು. ಮೊಳೆಗಳು ಲೋಹದೊಡನೆ ಬೆಸೆದುಕೊಂಡಿದ್ದವು, ಹೊರಚಾಚಿದ ತುದಿಗಳನ್ನು ಉಜ್ಜಿ ಮುಳ್ಳುಗಳ ನಡುವೆ ಅಡಗಿಸಿದೆ. ಉಪ್ಪುನೀರು ಚಿಮುಕಿಸಿ ಒಂದು ವಾರ ಬಯಲಲ್ಲಿ ಬಿಟ್ಟು ತುಕ್ಕು ಹಿಡಿಸಿ, ಆಮೇಲೆ ದೋಸೆ ಕಾವಲಿಯನ್ನು ಪಳಗಿಸುವಂತೆ ಬಿಸಿ ಮಾಡಿ ಅಗಸೆ ಎಣ್ಣೆ ಸವರಿದೆ. ಮಾಗಿದ ಹಲಸಿನ ಕಂದು ಬಣ್ಣ ಬಂದಿತು. ಲೋಹ ಹೊಯ್ದ ದಾರಿಯನ್ನು ಉಪಾಯವಾಗಿ ತೊಟ್ಟಿನ ಜಾಗದಲ್ಲೇ ಇಟ್ಟಿದ್ದರಿಂದ, ಅದನ್ನು ಕತ್ತರಿಸಿದ ಮೊಂಡು ತುದಿ ತೊಟ್ಟಿನಂತೆಯೇ ಕಾಣುತ್ತಿತ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಅವರು ಬಹಳ ಹೊತ್ತು ದೊಡ್ಡದು ಮಾಡಿ ನೋಡಿರಬೇಕು, ಉತ್ತರ ಬಂದದ್ದು ಮಾರನೆಯ ಬೆಳಿಗ್ಗೆ: “ಕಾಯಿ ಹಲಸಿನದೇ. ತೊಟ್ಟು ಮಾತ್ರ ಫೌಂಡ್ರಿಯದು, ಇನ್ನೂ ಸ್ವಲ್ಪ ಉಜ್ಜು.”