ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ನೋಡಿದ ಸಿನಿಮಾಗಳು

ಅಮ್ಮನಿಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ನಿಧಾನ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮೂರನೆಯದು ಬಂದಿರುತ್ತದೆ. ಹಾಗಾಗಿ ಹಳೆಯ ಜಪಾನಿ, ಇಟಾಲಿಯನ್ ಚಿತ್ರಗಳನ್ನು ನಾನೊಬ್ಬನೇ ರಾತ್ರಿ ಹೊತ್ತು ನೋಡುತ್ತಿದ್ದೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಮನೆಗೆ ಬಂದಳು. ನಿದ್ದೆ ಬಾರದ ರಾತ್ರಿಗಳಲ್ಲಿ ಸೋಫಾದ ತುದಿಗೆ ಬಂದು ಕುಳಿತು, "ಈಗ ಅವನು ಏನೆಂದ?" ಎಂದು ಕೇಳತೊಡಗಿದಳು. ಕೇಳಿದ್ದಕ್ಕೆ ಹೇಳಿದೆ. ಈಗ ಅದೇ ಶನಿವಾರ ರಾತ್ರಿಯ ಕೆಲಸವಾಗಿದೆ: ಸಬ್‌ಟೈಟಲ್ ನೋಡಿಕೊಂಡು ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ಮಾತನ್ನೂ ನಾನೇ ಕನ್ನಡದಲ್ಲಿ ಆಡುವುದು. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ಜಗಳವಾಡಿದ ನಾಡು ನಮ್ಮದು. ನಮ್ಮ ಮನೆಯ ಡಬ್ಬಿಂಗ್‌ಗೆ ಮಾತ್ರ ಯಾರ ತಕರಾರೂ ಬರಲಿಲ್ಲ.

ಇದು ಹೊಸ ಕಸುಬೇನಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವ ‘ಬೆನ್ಶಿ’ಗಳಿದ್ದರು. ಅಕಿರಾ ಕುರೋಸಾವಾ ಅವರ ಅಣ್ಣ ಅದೇ ಕೆಲಸದಲ್ಲಿದ್ದವನು. ಮಾತಿನ ಚಿತ್ರ ಬಂದು ಅವರ ಅನ್ನ ಕಿತ್ತುಕೊಂಡಿತು.

ಮೊದಲು ಹಾಕಿದ್ದು ವಿತ್ತೋರಿಯೊ ದೆ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948). ಹತ್ತು ನಿಮಿಷವಾಗಿರಬೇಕು, ಅಮ್ಮ ಕೇಳಿದಳು: "ಇಷ್ಟು ಬಡತನ ಎನ್ನುತ್ತೀಯ, ಎಲ್ಲರೂ ಇಷ್ಟು ದಪ್ಪಗಿದ್ದಾರಲ್ಲ?" ತಪ್ಪು ಟಿವಿಯದು. ಆ ಕಾಲದ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕ. ನಮ್ಮ ಟಿವಿ ಅದನ್ನು ಎರಡೂ ಕಡೆಗೆ ಎಳೆದು ಅಗಲ ಮಾಡಿತ್ತು. ಇಡೀ ರೋಮ್ ನಗರ ಉಂಡು ಉಬ್ಬಿದಂತಿತ್ತು. ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿದೆ. ಪಕ್ಕದಲ್ಲಿ ಕಪ್ಪು ಪಟ್ಟಿಗಳು ಬಂದವು, ಜನ ತೆಳ್ಳಗಾದರು. ಚಲನೆಯನ್ನು ನುಣುಪಾಗಿಸುವ ಇನ್ನೊಂದು ಸೌಲಭ್ಯವನ್ನೂ ಅಂದೇ ಆರಿಸಿದೆ. ಅದು ಹಳೆಯ ಚಿತ್ರವನ್ನು ಧಾರಾವಾಹಿ ಮಾಡಿಬಿಡುತ್ತದೆ. ಇವೆರಡನ್ನು ಸರಿಪಡಿಸದೆ ಯಾರೂ ಹಳೆಯ ಸಿನಿಮಾ ನೋಡಲು ಕೂರಬಾರದು.

ಆ ಚಿತ್ರದಲ್ಲಿ ಗಿರವಿಯಲ್ಲಿದ್ದ ಗಂಡನ ಸೈಕಲ್ಲನ್ನು ಬಿಡಿಸಿಕೊಳ್ಳಲು ಮರಿಯಾ ಹಾಸಿಗೆಯ ಹೊದಿಕೆಗಳನ್ನು ಗಿರವಿ ಇಡುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತುಕೊಂಡು ಗೂಡಿನಿಂದ ಗೂಡಿಗೆ ಹತ್ತುತ್ತಾನೆ. ಛಾವಣಿಯವರೆಗೂ ಅಂಥದೇ ಗಂಟುಗಳು. ಅಲ್ಲಿ ಮಾತೇ ಇಲ್ಲ, ನಾನು ಸುಮ್ಮನಿದ್ದೆ. "ಬಿಡಿಸಿಕೊಳ್ಳಲು ಯಾರೂ ಬಂದೇ ಇಲ್ಲವೇ?" ಎಂದಳು ಅಮ್ಮ. ನಾನು ಆ ದೃಶ್ಯವನ್ನು ಮೂರು ಸಲ ನೋಡಿದ್ದೆ. ಎಷ್ಟೊಂದು ಜನ ಇಟ್ಟಿದ್ದಾರೆ ಎಂದಷ್ಟೇ ಕಂಡಿತ್ತು, ಬಿಡಿಸಿಕೊಳ್ಳಲು ಬಾರದವರು ಕಂಡಿರಲಿಲ್ಲ. ಬಳೆ ಗಿರವಿ ಇಟ್ಟು ಅಭ್ಯಾಸವಿದ್ದವಳು ಅವಳು.

ಕುರೋಸಾವಾ ಅವರ ‘ಸೆವೆನ್ ಸಮುರಾಯ್’ (1954) 207 ನಿಮಿಷ. ಅದರೊಳಗೇ ಮಧ್ಯಂತರವಿದೆ, ನಾವು ಅಲ್ಲಿಗೆ ನಿಲ್ಲಿಸಿ ಮಲಗಿ, ಮರುದಿನ ಮುಂದುವರಿಸಿದೆವು. ಕೊನೆಯಲ್ಲಿ ಹಾಡುತ್ತಾ ಸಸಿ ನೆಡುವ ಹೆಂಗಸರನ್ನು ನೋಡಿ, ಭದ್ರಾ ನಾಲೆಯ ಗದ್ದೆಗಳಲ್ಲಿ ಬೆಳೆದ ಅಮ್ಮ, "ಇವರಿಗೆ ನಾಟಿ ಬರುತ್ತದೆ" ಎಂದು ಸರ್ಟಿಫಿಕೇಟ್ ಕೊಟ್ಟಳು.

ಡೇವಿಡ್ ಲಿಂಚ್ ಅವರ ‘ಇರೇಸರ್‌ಹೆಡ್’ (1977) ಹಾಕಿದ್ದು ನನ್ನ ದುಡುಕು. ಮಾತು ಕಡಿಮೆ, ಅನುವಾದದ ಕೆಲಸವಿರುವುದಿಲ್ಲ ಎಂಬ ಸೋಮಾರಿ ಲೆಕ್ಕ. ಕಾರ್ಖಾನೆಯ ಗುಂಯ್‌ಗುಡುವ ಸದ್ದಿಗೆ ಹೆಂಡತಿ ಒಳಗಿನಿಂದ ಎದ್ದು ಬಂದು ಫ್ರಿಜ್ ಕೆಟ್ಟಿತೇ ಎಂದು ವಿಚಾರಿಸಿದಳು. ಅಮ್ಮ ಎದ್ದು ಹೋಗುತ್ತಾಳೆಂದುಕೊಂಡಿದ್ದೆ. ಹೋಗಲಿಲ್ಲ. ಬಟ್ಟೆ ಸುತ್ತಿದ ಆ ವಿಕಾರ ಮಗುವನ್ನು ವಿಮರ್ಶಕರು ಭಯ, ದುಃಸ್ವಪ್ನ ಎಂದೆಲ್ಲ ವರ್ಣಿಸಿದ್ದಾರೆ. ಅಮ್ಮನ ಮಾತು ಇಷ್ಟೇ: "ಜ್ವರ ಬಂದಿದೆ ಕಣೋ ಅದಕ್ಕೆ. ಯಾರಾದರೂ ಎತ್ತಿಕೊಳ್ಳಬಾರದೇ?"

ಅಷ್ಟರಲ್ಲಿ ಒಂದು ಪದ್ಧತಿ ಕಂಡುಕೊಂಡಿದ್ದೆ. ಹಿಂದಿನ ದಿನ ಒಬ್ಬನೇ ಒಮ್ಮೆ ನೋಡಿ, ಯಾರು ಯಾರಿಗೆ ಏನಾಗಬೇಕು ಎಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಇಂಗ್ಲಿಷ್ ಸಬ್‌ಟೈಟಲ್ ಅಕ್ಕ ತಂಗಿಯರನ್ನು ಒಂದೇ ಪದದಲ್ಲಿ ಮುಗಿಸುತ್ತದೆ. ನಾದಿನಿ, ಅತ್ತಿಗೆ, ಓರಗಿತ್ತಿಯರಿಗೂ ಅಲ್ಲಿ ಒಂದೇ ಪದ. ಜಪಾನಿ ಭಾಷೆಯಲ್ಲಿ ನಮ್ಮ ಹಾಗೆಯೇ ಅಕ್ಕ ಬೇರೆ, ತಂಗಿ ಬೇರೆ. ಇಂಗ್ಲಿಷಿನಲ್ಲಿ ಕಳೆದುಹೋದದ್ದು ನನ್ನ ಬಾಯಲ್ಲಿ ಮತ್ತೆ ಸಿಗುತ್ತಿತ್ತು ಎಂದರೆ ಜಂಬವಾದೀತು, ಆದರೂ ನಿಜ.

ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ (1953) ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಎತ್ತರದಲ್ಲಿರುತ್ತದೆ, ಕದಲುವುದೇ ಅಪರೂಪ. ಒಬ್ಬರು ಮಾತು ಮುಗಿಸಿ ಇನ್ನೊಬ್ಬರು ಶುರು ಮಾಡುವಷ್ಟರಲ್ಲಿ ನನ್ನ ಕನ್ನಡ ಮುಗಿದಿರುತ್ತಿತ್ತು. ಒನೊಮಿಚಿ ಊರಿನ ಮುದುಕ ಮುದುಕಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೊರಡುವಾಗ ಗಾಳಿ ತುಂಬುವ ದಿಂಬಿಗಾಗಿ ಹುಡುಕುತ್ತಾರೆ. ನಿನಗೆ ಕೊಟ್ಟೆ, ನನಗೆ ಕೊಡಲಿಲ್ಲ ಎಂದು ವಾದ. ಕಡೆಗೆ ಸಿಗುವುದು ಮುದುಕನ ಸಾಮಾನಿನಲ್ಲೇ. ಅಮ್ಮ ನಕ್ಕಳು, ಅಪ್ಪನ ಕನ್ನಡಕದ ಹೆಸರು ಹೇಳಲಿಲ್ಲ. ಆ ಮುದುಕನ ಪಾತ್ರ ಮಾಡಿದ ಚಿಶು ರ್‍ಯೂ ಅವರಿಗೆ ಆಗ 49 ವರ್ಷ ಎಂದರೆ ನಂಬಲೂ ಇಲ್ಲ.

ಟೋಕಿಯೊದಲ್ಲಿ ಮಗಳು ಶಿಗೆ ಹೆಂಗಸರ ಕೇಶಾಲಂಕಾರದ ಅಂಗಡಿ ಇಟ್ಟಿದ್ದಾಳೆ. ಬಂದವರು ಯಾರೆಂದು ಗಿರಾಕಿಯೊಬ್ಬಳು ಕೇಳಿದಾಗ, ತಂದೆತಾಯಿ ಎನ್ನುವುದಿಲ್ಲ. "ಊರ ಕಡೆಯ ಪರಿಚಯದವರು" ಎಂದೆ ನಾನು, ಅವಳ ಪರವಾಗಿ. ಹಾಗೆ ನನ್ನ ಬಾಯಿಂದ ಹೇಳುವಾಗ ನಾಲಿಗೆ ತಡವರಿಸಿತು. ಅಮ್ಮ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ.

ತಾಯಿಯ ಅಂತ್ಯಕ್ರಿಯೆ ಮುಗಿಸಿ ಊಟಕ್ಕೆ ಕುಳಿತಲ್ಲಿ ಅದೇ ಶಿಗೆ, ಅಮ್ಮನ ನೆನಪಿಗೆ ಇಂಥ ಬಟ್ಟೆ ನನಗಿರಲಿ ಎಂದು ಕೇಳುತ್ತಾಳೆ. ಕಿರಿಯ ಮಗಳಿಗೆ ಅದು ಸಹಿಸದು. ನನಗೂ ಮೊದಲಿನಿಂದ ಶಿಗೆಯ ಮೇಲೆ ಸಿಟ್ಟು. ಆ ಸಾಲನ್ನು ಬೇಕೆಂದೇ ಸ್ವಲ್ಪ ಒರಟಾಗಿ ಹೇಳಿದೆ.

"ಕೇಳಿದರೆ ತಪ್ಪೇನು?" ಎಂದಳು ಅಮ್ಮ. "ನಮ್ಮಮ್ಮ ಹೋದಾಗ ನಾನೂ ಕೇಳಿದ್ದೆ. ಆ ಹಸಿರು ಮೊಳಕಾಲ್ಮೂರು ಸೀರೆ."

ಸೀರೆ ಸಿಕ್ಕಿತೇ ಎಂದು ಕೇಳುವಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಸಾಲು ದಾಟಿಹೋಗಿದ್ದವು.