ಮಗುವಿನೊಡನೆ ಮೈಬಣ್ಣದ ಮಾತಾಡುವ ಬಗೆ

ತಾನು ಕಪ್ಪಗಿದ್ದೇನೆಂದು ಮಗು ಮೊದಲ ಬಾರಿ ಬೇಸರದಿಂದ ಹೇಳಿಕೊಂಡಾಗ, ‘ಹಾಗೇನಿಲ್ಲ, ನೀನು ಬೆಳ್ಳಗೇ ಇದ್ದೀಯ’ ಎಂದು ಸಂತೈಸಬೇಡಿ. ಕಪ್ಪಗಿರುವುದೊಂದು ಕೊರತೆಯೆಂದು ಆ ಮಾತೇ ಒಪ್ಪಿಕೊಂಡಂತಾಗುತ್ತದೆ. ಯಾರು, ಎಲ್ಲಿ, ಏನೆಂದರು ಎಂಬುದನ್ನು ಪೂರ್ತಿಯಾಗಿ ಕೇಳಿಸಿಕೊಂಡು, ‘ಹೌದು, ನಿನ್ನ ಬಣ್ಣ ಕಪ್ಪು’ ಎಂದು ದನಿ ತಗ್ಗಿಸದೆ ಹೇಳಿ.

ಅದರ ಕಾರಣವನ್ನೂ ತಿಳಿಸಬಹುದು. ಚರ್ಮಕ್ಕೆ ಬಣ್ಣ ಕೊಡುವ ವಸ್ತುವಾದ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲರ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್‌ನ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ. ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಚಿಕ್ಕ ಮಗುವಿಗೆ ‘ಅದು ಚರ್ಮದೊಳಗಿನ ಕೊಡೆ’ ಎಂದರೆ ಸಾಕು.

ಆದರೆ ನಿಜವಾದ ಕೆಲಸವಿರುವುದು ದೊಡ್ಡವರ ಬಾಯಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್, ಬಣ್ಣವೊಂದನ್ನುಳಿದು ಎಲ್ಲದರಲ್ಲೂ ಒಂದೇ ತೆರನಾದ ಗೊಂಬೆಗಳನ್ನು 3ರಿಂದ 7 ವರ್ಷದ ಕಪ್ಪುವರ್ಣೀಯ ಮಕ್ಕಳ ಮುಂದಿಟ್ಟಾಗ, ಮೂವರಲ್ಲಿ ಸುಮಾರು ಇಬ್ಬರು ಬಿಳಿ ಗೊಂಬೆಯೊಡನೆ ಆಡಬಯಸಿದರು. ಅಧ್ಯಯನ 1947ರಲ್ಲಿ ಪ್ರಕಟವಾಯಿತು. ಅಷ್ಟು ಎಳೆಯ ವಯಸ್ಸಿಗೆ ಯಾರೂ ಪಾಠ ಹೇಳಿರುವುದಿಲ್ಲ. ಸುತ್ತಲಿನವರ ಆಡುಮಾತು, ನೋಟಗಳಿಂದಲೇ ಮಕ್ಕಳು ಇದನ್ನು ಹೀರಿಕೊಳ್ಳುತ್ತಾರೆ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎನ್ನುವವರು ಹೊಗಳುತ್ತಿದ್ದೇವೆಂದೇ ನಂಬಿರುತ್ತಾರೆ, ಆದರೆ ಮಗುವಿಗೆ ನಾಟುವುದು ಆ ‘ಆದರೂ’. ಅಂಥ ಮಾತು ಬಂದಾಗ ಮಗುವಿನ ಎದುರಿನಲ್ಲೇ, ಜಗಳವಾಡದೆ, ‘ಲಕ್ಷಣವಾಗಿದ್ದಾಳೆ ಎಂದರೆ ಸಾಕಲ್ಲ’ ಎಂದು ತಿದ್ದಿ. ನೆಂಟರು ಹೋದಮೇಲೆ ಗುಟ್ಟಾಗಿ ಸಮಾಧಾನ ಹೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ‘ಬಿಸಿಲಿಗೆ ಹೋದರೆ ಕಪ್ಪಾಗುತ್ತೀಯ’ ಎನ್ನುವ ಬದಲು ‘ಚರ್ಮ ಸುಡುತ್ತದೆ’ ಎನ್ನಿ. ಕನ್ನಡಿಯ ಮುಂದೆ ನಿಂತು ನಿಮ್ಮ ಬಣ್ಣವನ್ನು ನೀವೇ ಹಳಿದುಕೊಳ್ಳುವುದೂ ನಿಲ್ಲಬೇಕು. ಬಹುಶಃ ಇದೇ ಎಲ್ಲಕ್ಕಿಂತ ಕಷ್ಟ.

ಹದಿಹರೆಯದವರಿಗೆ ಫೋಟೋದ ಕಥೆ ಹೇಳಿ. ದಶಕಗಳ ಕಾಲ ಕಲರ್ ಫೋಟೋಗಳ ಬಣ್ಣವನ್ನು ಬಿಳಿಯ ಹೆಣ್ಣಿನ ಚಿತ್ರವಿದ್ದ ಕಾರ್ಡಿಗೆ ಹೊಂದಿಸಿ ಮುದ್ರಿಸುತ್ತಿದ್ದರು. ಕಪ್ಪು ಮುಖಗಳು ವಿವರವಿಲ್ಲದೆ ಮಸುಕಾಗಿ ಬರುತ್ತಿದ್ದುದಕ್ಕೆ ಅದೂ ಒಂದು ಕಾರಣ. ದೋಷ ಮುಖದಲ್ಲಿರಲಿಲ್ಲ.

ಹದಿಹರೆಯದ ಮಕ್ಕಳು ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿರುವುದು ತಿಳಿದರೆ ಗದರದೆ ಡಬ್ಬಿಯನ್ನು ಕೇಳಿ ಪಡೆಯಿರಿ. ಇಂಥ ಕೆಲವು ಕ್ರೀಮ್‌ಗಳಲ್ಲಿ ಮೂತ್ರಪಿಂಡಕ್ಕೆ ಹಾನಿಮಾಡುವ ಪಾದರಸವೋ, ಚರ್ಮವನ್ನು ತೆಳುವಾಗಿಸುವ ಸ್ಟೀರಾಯ್ಡೋ ಇರುವುದುಂಟು, ಲೇಬಲ್ಲಿನಲ್ಲಿ ಅದು ನಮೂದಾಗದೆಯೂ ಇರಬಹುದು. ಬಹುಕಾಲ ಹಚ್ಚಿದ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿಯಬಹುದಾದ್ದರಿಂದ, ಡಬ್ಬಿಯನ್ನೂ ಜೊತೆಗೊಯ್ದು ಚರ್ಮರೋಗ ತಜ್ಞರನ್ನು ಕಾಣಿರಿ.